ಹತ್ತರಾಗ ಏಳು
(ಕುರಕುಂಟಾದ ನಿವೃತ್ತ ಅಂಗನವಾಡಿ ಕಾರ್ಯಕರ್ತೆಯೊಬ್ಬರ ದಿನಚರಿಯ ಪುಟಗಳು)

29 ಅಕ್ಟೋಬರ್ 2024, ಮಂಗಳವಾರ

ಈ ನೋಟ್‌ಬುಕ್ಕಿನ ಪ್ರತಿ ಪುಟದ ಎಡ ಅಂಚಿಗೂ ಮೊಮ್ಮಗಳು ಸ್ಕೆಚ್ ಪೆನ್ನಿನಿಂದ ದಪ್ಪನೆಯ ಕೆಂಪು ಗೆರೆ ಎಳೆದುಕೊಟ್ಟಿದ್ದಾಳೆ. ಬರೆಯುವ ಮೊದಲು ಆ ಗೆರೆ ಕಾಣುವ ತನಕ ಕತ್ತು ಎಡಕ್ಕೆ ತಿರುಗಿಸಬೇಕು, ಕಂಡ ಮೇಲೆಯೇ ಪೆನ್ನು ಊರಬೇಕು. ಇಲ್ಲದಿದ್ದರೆ ನನ್ನ ಸಾಲುಗಳು ಪುಟದ ನಡುವಿನಿಂದ ಶುರುವಾಗಿ, ಕೆಳಗಿಳಿದಂತೆ ಇನ್ನೂ ಬಲಕ್ಕೆ ಸರಿಯುತ್ತ ಹೋಗುತ್ತವೆ. ಕಣ್ಣಿಗೆ ಏನೂ ಆಗಿಲ್ಲ. ಮೆದುಳಿನ ಬಲಭಾಗಕ್ಕೆ ರಕ್ತ ನಿಂತರೆ ಕೆಲವರಿಗೆ ಎಡಗಡೆ ಅನ್ನುವುದೊಂದಿದೆ ಎಂಬ ಖಬರೇ ಹೋಗಿಬಿಡುತ್ತದಂತೆ. ಶ್ರಾವಣದಲ್ಲಿ ಲಕ್ವಾ ಹೊಡೆದು, ಕಲಬುರಗಿಯ ದವಾಖಾನೆಯಿಂದ ಮನೆಗೆ ಬಂದ ಹೊಸದರಲ್ಲಿ ತಾಟಿನ ಬಲಕ್ಕಿದ್ದ ಅನ್ನ ಉಂಡು, ಎಡಕ್ಕಿದ್ದ ಪಲ್ಯ ಹಾಗೇ ಬಿಟ್ಟು ಏಳುತ್ತಿದ್ದೆ. ಪಲ್ಯ ರುಚಿಯಾಗಿಲ್ಲವೇನೋ ಅಂತ ಸೊಸೆ ಪಾಪ ದಿನಾ ಬೇರೆ ಬೇರೆ ಮಾಡಿ ನೋಡಿದಳು. ಕೊನೆಗೆ ತಾಟನ್ನೇ ತಿರುಗಿಸಿಟ್ಟವಳೂ ಅವಳೇ. ತಿರುಗಿಸಿದ ಕೂಡಲೇ ಪಲ್ಯ ನನ್ನ ಕಣ್ಣಿಗೆ ಬಿತ್ತು.

ಇವತ್ತು ವಿಶ್ವ ಪಾರ್ಶ್ವವಾಯು ದಿನವಂತೆ, ಆಶಾ ಅಕ್ಕ ಚೀಟಿ ಹಿಡಿದು ಬಂದಿದ್ದಳು. ಬಾಯಿ ಸೊಟ್ಟಗಾದರೆ, ಕೈ ಎತ್ತಲಾಗದಿದ್ದರೆ, ಮಾತು ತೊದಲಿದರೆ ತಡ ಮಾಡಬೇಡಿ. ನಾಲ್ಕೂವರೆ ತಾಸಿನೊಳಗೆ ಸ್ಕ್ಯಾನ್ ಇರುವ ದವಾಖಾನೆ ಮುಟ್ಟಿದರೆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಬಹುದು. ಒಳ್ಳೆಯ ಮಾತು. ಆದರೆ ಇಲ್ಲಿಂದ ಸೇಡಂ, ಮಳಖೇಡ ದಾಟಿ ಕಲಬುರಗಿ ಮುಟ್ಟಬೇಕಾದವರಿಗೆ ನಾಲ್ಕೂವರೆ ತಾಸು ಬಹಳ ದೊಡ್ಡದಲ್ಲ. ನನಗಂತೂ ನಿದ್ದೆಯಲ್ಲೇ ಹೊಡೆದಿತ್ತು. ಎಷ್ಟೊತ್ತಿಗೆ ಆಯ್ತು ಅಂತ ಡಾಕ್ಟರು ಕೇಳಿದಾಗ ಹೇಳುವವರು ಯಾರೂ ಇರಲಿಲ್ಲ, ಇಂಜೆಕ್ಷನ್ನಿನ ಮಾತು ಅಲ್ಲಿಗೇ ಮುಗಿಯಿತು.

ಚೀಟಿಯಲ್ಲಿರುವುದೆಲ್ಲ ಮೊದಲ ದಿನದ ಮಾತು. ಎರಡನೇ ದಿನದಿಂದ ಮುಂದಿನದು ಎಲ್ಲಿ ಬರೆದಿದೆ? ನನ್ನ ಡಿಸ್ಚಾರ್ಜ್ ಕಾಗದದಲ್ಲಿ ಗುಳಿಗೆಗಳ ಪಟ್ಟಿಯ ಕೆಳಗೆ ‘ಫಿಸಿಯೋಥೆರಪಿ’ ಅಂತ ಒಂದೇ ಒಂದು ಶಬ್ದವಿದೆ.

3 ನವೆಂಬರ್ 2024, ರವಿವಾರ

ನಿನ್ನೆ ಪಾಡ್ಯ. ತಾಂಡೂರಿನಿಂದ ನಾದಿನಿ, ಚಿಂಚೋಳಿಯಿಂದ ಅಣ್ಣ, ಮನೆ ತುಂಬ ಮಂದಿ, ಒಬ್ಬೊಬ್ಬರದು ಒಂದೊಂದು ಔಷಧ. ನಾದಿನಿಗೆ ಗೊತ್ತಿರುವ ಊರಿನಲ್ಲಿ ಪಾರಿವಾಳ ಕೊಯ್ದು ಬಿಸಿ ರಕ್ತ ಹಚ್ಚಿ ತಿಕ್ಕುತ್ತಾರಂತೆ, ಎಷ್ಟೋ ಮಂದಿ ಎದ್ದು ಓಡಾಡಲತ್ತಾರಂತೆ. ಲಕ್ವಾ ಆದವರಲ್ಲಿ ಬಹಳ ಮಂದಿಗೆ ಮೊದಲ ಮೂರು ತಿಂಗಳಲ್ಲಿ ತಾನಾಗಿಯೇ ಒಂದಿಷ್ಟು ಶಕ್ತಿ ತಿರುಗಿ ಬರುತ್ತದೆ, ಆ ಹೊತ್ತಿಗೆ ಯಾವ ಪಾರಿವಾಳ ಸಿಕ್ಕಿತ್ತೋ ಅದಕ್ಕೆ ಹೆಸರು. ಕೆಟ್ಟಿರುವುದು ತಲೆಯೊಳಗೆ, ತಿಕ್ಕುವುದು ಕೈಯನ್ನು. “ನನ್ನ ಕೈ ಹೋದದ್ದಕ್ಕ ಆ ಪಕ್ಷಿ ಏನ್ ಮಾಡ್ಯದವ್ವ?” ಅಂದೆ. ನಗುತ್ತ ಬಿಟ್ಟರು.

ಪಾರಿವಾಳಕ್ಕಿಂತ ನನಗೆ ಭಯವಾದದ್ದು ಅವರ ಪ್ರೀತಿ. ಬಂದವರೆಲ್ಲ ಎಬ್ಬಿಸಿ ಕೂಡಿಸಲು ಎಡಗೈಯನ್ನೇ ಹಿಡಿದು ಜಗ್ಗುತ್ತಾರೆ. ಸ್ನಾಯು ಸೋತ ಭುಜದಲ್ಲಿ ಕೈಯೆಲುಬಿನ ಗುಂಡು ತನ್ನ ಗುಣಿಯಿಂದ ಕೆಳಗೆ ಜಾರಿ ಜೋತುಬಿದ್ದಿರುತ್ತದೆ. ನನ್ನ ಭುಜದ ತುದಿಯಲ್ಲಿ ಬೆರಳು ಇಟ್ಟು ನೋಡಿದರೆ ಒಂದು ಬೆರಳು ಕೂರುವಷ್ಟು ತಗ್ಗಿದೆ. ಅಂಥ ಕೈ ಹಿಡಿದು ಜಗ್ಗಿದರೆ ಆಮೇಲೆ ರಾತ್ರಿಯಿಡೀ ನೋವಿನದೇ ಪಾರಾಯಣ. ನಿನ್ನೆ ರಾತ್ರಿ ಕೈಕೆಳಗೆ ದಿಂಬು ಇಟ್ಟುಕೊಂಡು ಗೋಡೆಗೆ ಒರಗಿ ಕುಳಿತೇ ಬೆಳಗು ಮಾಡಿದೆ.

ಮುಂಜಾನೆ ಎದ್ದು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದೆ: ‘ಎಡಗೈ ಜಗ್ಗಬ್ಯಾಡ್ರಿ. ಬೆನ್ನಿಗೆ ಕೈ ಕೊಡ್ರಿ. ಇಲ್ಲಾ ಸುಮ್ಮ ನಿಂದ್ರಿ.’ ಮಂಚದ ಮೇಲಿನ ಗೋಡೆಗೆ ಹಚ್ಚಿಸಿದ್ದೇನೆ. ಅಣ್ಣ ಅದನ್ನು ಓದಿ ಮೋತಿ ಸಣ್ಣ ಮಾಡಿಕೊಂಡ. ಮಾಡಿಕೊಳ್ಳಲಿ.

14 ನವೆಂಬರ್ 2024, ಗುರುವಾರ

ಜಂಪರ್ ತೊಡುವುದು ಕಲಿತೆ. ಸೋತ ಕೈ ಮೊದಲು, ಗಟ್ಟಿ ಕೈ ಆಮೇಲೆ, ಬಿಚ್ಚುವಾಗ ತಿರುಗಾಮುರುಗಾ. ಎಡಗೈಯನ್ನು ತೊಡೆಯ ಮೇಲೆ ಸತ್ತ ಹಾವಿನಂತೆ ಮಲಗಿಸಿ, ತೋಳನ್ನು ಅದರ ಮೇಲಿಂದ ಎಳೆದು ಭುಜ ಮುಟ್ಟಿಸಿ, ಆಮೇಲೆ ಬೆನ್ನ ಹಿಂದಿನಿಂದ ಬಲಗೈ ಹಾಯಿಸುವುದು. ಹುಕ್ಕು ಮಾತ್ರ ಒಂದೇ ಕೈಗೆ ಬಗ್ಗುವುದಿಲ್ಲ. ಸೊಸೆ ಹುಕ್ಕು ಕಿತ್ತು, ಪರ್ಸಿಗೆ ಹಚ್ಚುವಂಥ ಕಚ್ಚುಪಟ್ಟಿ ಹೊಲಿದುಕೊಟ್ಟಳು. ತೊಟ್ಟು ಮುಗಿಯುವಷ್ಟರಲ್ಲಿ ಬೆವರು ಬಂದಿತ್ತು, ಚಹಾ ಆರಿತ್ತು. ನಮ್ಮನೆಯವರು ಬಾಗಿಲಲ್ಲಿ ನಿಂತು, “ಇಷ್ಟ್ಯಾಕ ಬಡದಾಡ್ತಿ? ಸುಮ್ಮ ಕೂಡು, ಅಕಿ ಹಾಕ್ತಾಳ,” ಅಂದರು.

ಅಂಗನವಾಡಿಯಲ್ಲಿ ಇಷ್ಟು ವರ್ಷ ನಾನು ತಾಯಂದಿರಿಗೆ ಹೇಳಿದ್ದು ಇದರ ಉಲ್ಟಾ. ಮಗು ಅಂಗಿಯ ಗುಂಡಿಯ ಜೊತೆ ಬಡಿದಾಡುವಾಗ ಕೈ ಕಟ್ಟಿಕೊಂಡು ಕೂಡಿರಿ. ನೀವು ಹಾಕಿದರೆ ಅಂಗಿ ನೀಟಾಗುತ್ತದೆ, ಮಗುವಿಗೆ ಬರುವುದಿಲ್ಲ. ಇವತ್ತು ಮಕ್ಕಳ ದಿನಾಚರಣೆ. ಹಾಡು ಇಲ್ಲಿಯವರೆಗೂ ಕೇಳಿಸುತ್ತಿತ್ತು.

ಇನ್ನೊಂದು ಕಷ್ಟ ನೆಲದ್ದು. ಈ ಸೀಮೆಯ ಎಲ್ಲ ಮನೆಗಳಂತೆ ನಮ್ಮದೂ ಶಹಾಬಾದ್ ಫರಸಿಯ ನೆಲ. ಸೇಡಮ್ಮಿನ ಸಿಮೆಂಟು, ವಾಡಿಯ ಸಿಮೆಂಟು, ಶಹಾಬಾದಿನ ಕಲ್ಲು, ಎಲ್ಲವೂ ಅದೇ ಸುಣ್ಣಕಲ್ಲಿನ ಮಕ್ಕಳು. ಬೇಸಿಗೆಯಲ್ಲಿ ಇಂಥ ತಂಪು ನೆಲ ಇನ್ನೊಂದಿಲ್ಲ, ಆದರೆ ನೀರು ಬಿದ್ದರೆ ಜಾರುತ್ತದೆ, ಕಲ್ಲಿಗೆ ಕಲ್ಲು ಕೂಡುವ ಸಂದಿ ಅಲ್ಲಲ್ಲಿ ಎದ್ದಿರುತ್ತದೆ. ನನ್ನ ಎಡಪಾದ ಮೇಲೇಳುವುದಿಲ್ಲ, ಬೆರಳ ತುದಿ ಸಂದಿಗೆ ತಾಗಿ ಮುಗ್ಗರಿಸುತ್ತೇನೆ. ಪಾದವನ್ನು ಎತ್ತಿ ಹಿಡಿಯುವ ಪ್ಲಾಸ್ಟಿಕ್ಕಿನ ಪಟ್ಟಿ ಬಂದಿದೆ, ಕಾಲುಚೀಲ ಹಾಕಿ ಅದರ ಮೇಲೆ ಕಟ್ಟಿಕೊಳ್ಳಬೇಕು. ಕಟ್ಟಿದರೆ ಪಾದ ಜೋಲುವುದಿಲ್ಲ. ಬಚ್ಚಲಲ್ಲಿ ಮಗ ಪೈಪಿನ ಹಿಡಿಕೆ ಹಾಕಿಸಿದ. ಮೊದಲು ಎಡಕ್ಕೆ ಹಾಕಿಸಿದ್ದ! ಗೌಂಡಿಯನ್ನು ತಿರುಗಿ ಕರೆಸಿ ಬಲಕ್ಕೆ ಹಾಕಿಸಬೇಕಾಯ್ತು.

24 ನವೆಂಬರ್ 2024, ರವಿವಾರ

ತಂಗಿಯ ಮಗಳು ಬೆಂಗಳೂರಿನಲ್ಲಿ ಫಿಸಿಯೋಥೆರಪಿ ಓದುತ್ತಾಳೆ. ರಾತ್ರಿ ರೈಲಿನಲ್ಲಿ ವಾಡಿಗೆ ಬಂದು, ಅಲ್ಲಿಂದ ಪ್ಯಾಸೆಂಜರ್ ಹಿಡಿದು ಮಧ್ಯಾಹ್ನಕ್ಕೆ ಮನೆ ಸೇರಿದಳು. ಬಂದವಳೇ ವ್ಯಾಯಾಮ ಮಾಡಿಸುತ್ತಾಳೆ ಅಂತ ನಾನು ಕಾಲು ಚಾಚಿ ಕುಳಿತಿದ್ದೆ. ಅವಳು ಪೆನ್ನು ಹಿಡಿದು ಕೇಳಿದ್ದು: “ದೊಡ್ಡವ್ವ, ನಿನಗ ಏನ್ ಬೇಕು?”

“ಮೊದಲಿನಂಗ ಆಗಬೇಕು.”

“ಅದು ನನ್ನ ಕೈಯಾಗಿಲ್ಲ, ಡಾಕ್ಟರ ಕೈಯಾಗೂ ಇಲ್ಲ. ಈ ವಾರ ಏನ್ ಬೇಕು ಹೇಳು.”

ಈ ವಾರ! ಯೋಚನೆ ಮಾಡಿ ಹೇಳಿದೆ: ಒಂದು ರೊಟ್ಟಿ ನಾನೇ ಬಡಿಯಬೇಕು. ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಹೋಗಬೇಕು, ಎತ್ತಿಕೊಂಡು ಹೋಗುವುದಲ್ಲ, ನಡೆದು. ಎರಡನ್ನೂ ಬರೆದುಕೊಂಡಳು. ಆಮೇಲೆ ಇನ್ನೊಂದು ಪ್ರಶ್ನೆ: “ಇದು ಆಗ್ತದ ಅಂತ ನಿನಗ ಎಷ್ಟು ಧೈರ್ಯ ಅದ? ಹತ್ತರಾಗ ಎಷ್ಟು?” ರೊಟ್ಟಿಗೆ ನಾಲ್ಕು ಅಂದೆ. “ಏಳಕ್ಕಿಂತ ಕಡಿಮಿ ಇದ್ರ ಕೆಲಸ ಸಣ್ಣದ ಮಾಡಬೇಕು.” ಹಾಗಾದರೆ ಈ ವಾರ ಹಿಟ್ಟು ನಾದುವುದಷ್ಟೇ. ಅದಕ್ಕೆ ಎಂಟು.

ಈ ಹತ್ತರ ಲೆಕ್ಕ ಅವಳದಲ್ಲವಂತೆ. ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಕೇಟ್ ಲೋರಿಗ್ ಎಂಬ ನರ್ಸಮ್ಮ ಮೊದಲು ಕೀಲುನೋವಿನವರಿಗೆ, ಆಮೇಲೆ ವಾಸಿಯಾಗದೆ ಉಳಿಯುವ ಎಲ್ಲ ರೋಗದವರಿಗೆ ಅಂತ ತರಗತಿ ಕಟ್ಟಿದಳಂತೆ. ವಾರಕ್ಕೊಮ್ಮೆ ಎರಡೂವರೆ ತಾಸು, ಆರು ವಾರ. ಹೇಳಿಕೊಡುವವರಲ್ಲಿ ಆ ರೋಗವನ್ನು ತಾವೇ ಉಂಡವರಿರುತ್ತಾರೆ. ಪ್ರತಿಯೊಬ್ಬರೂ ಆ ವಾರ ತಾವು ಮಾಡುವುದೊಂದನ್ನು ತಾವೇ ಆರಿಸಿ, ಬಾಯಿಬಿಟ್ಟು ಹೇಳಿ, ಮುಂದಿನ ವಾರ ಏನಾಯ್ತು ಅಂತ ಒಪ್ಪಿಸಬೇಕು. ಆಗದಿದ್ದರೆ ಬೈಗುಳವಿಲ್ಲ, ಯಾಕೆ ಆಗಲಿಲ್ಲ ಅಂತ ಎಲ್ಲರೂ ಕೂಡಿ ಯೋಚಿಸುವುದು.

“ಹಂಗಾದ್ರ ಮನಿಯವ್ರಿಗೆ ಕಲಿಸಿಬಿಟ್ರ ಸಾಕಲ್ಲ, ನೀ ಯಾಕ?” ಅಂತ ಸೊಸೆ ಕೇಳಿದಳು. ಹುಡುಗಿ ಮುಚ್ಚುಮರೆ ಮಾಡಲಿಲ್ಲ. ನಮ್ಮ ದೇಶದಲ್ಲೇ 14 ದವಾಖಾನೆಗಳಲ್ಲಿ 1,250 ಮಂದಿಯ ಮೇಲೆ ಅದನ್ನು ಪರೀಕ್ಷಿಸಿದ್ದಾರೆ. ಅಟೆಂಡ್ ಅಂತ ಅದರ ಹೆಸರು, 2017ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಅರ್ಧ ಮಂದಿಯ ಮನೆಯವರಿಗೆ ವ್ಯಾಯಾಮ, ಗುರಿ ಹಾಕಿಕೊಳ್ಳುವುದು ಎಲ್ಲ ಕಲಿಸಿ ಕಳಿಸಿದರು, ಉಳಿದರ್ಧಕ್ಕೆ ಎಂದಿನ ಚಿಕಿತ್ಸೆ. ಆರು ತಿಂಗಳಿಗೆ ನೋಡಿದರೆ ತೀರಿಕೊಂಡವರು, ಪರಾವಲಂಬಿಯಾಗಿಯೇ ಉಳಿದವರು ಕೂಡಿ ಎರಡೂ ಕಡೆ ಶೇಕಡಾ 47. ಏನೂ ಫರಕಿಲ್ಲ.

ಸೊಸೆ ನನ್ನ ಮುಖ ನೋಡಿದಳು, ನಾನು ಹುಡುಗಿಯ ಮುಖ ನೋಡಿದೆ. “ಮತ್ತ?”

“ಮತ್ತೇನಿಲ್ಲ ದೊಡ್ಡವ್ವ. ಕಲಿಸಿ ಮನಿಗಿ ಕಳಿಸಿಬಿಟ್ರ ಕೆಲಸ ಮುಗೀತು ಅನ್ನೋದು ಸುಳ್ಳು ಅಂತ ಅದು ಹೇಳ್ತದ. ನೀ ರೊಟ್ಟಿ ಮಾಡಬ್ಯಾಡ ಅಂತ ಹೇಳಂಗಿಲ್ಲ.” ಅವರು ಅಳೆಯುವ ಕೋಲು ಸೊನ್ನೆಯಿಂದ ಆರರ ತನಕ, ಸೊನ್ನೆ ಅಂದರೆ ಪೂರಾ ಆರಾಮ, ಆರು ಅಂದರೆ ಸಾವು. ನಾನು ಅದರಲ್ಲಿ ಮೂರೋ ನಾಲ್ಕೋ ಇರಬೇಕು, ರೊಟ್ಟಿ ಬಡಿದರೂ ಅಷ್ಟೇ ಇರುತ್ತೇನೆ. ಈ ಹುಡುಗಿಯ ಮೇಲೆ ನನಗೆ ಭರವಸೆ ಬಂದದ್ದು ಅವಳು ಹೇಳಿಕೊಟ್ಟ ವ್ಯಾಯಾಮದಿಂದಲ್ಲ, ಈ ಲೆಕ್ಕ ಮುಚ್ಚಿಡದೆ ಹೇಳಿದ್ದರಿಂದ.

1 ಡಿಸೆಂಬರ್ 2024, ರವಿವಾರ

ರೊಟ್ಟಿ ಆಯ್ತು. ಅಂಗೈಗಿಂತ ಚೂರು ಅಗಲ, ಅಂಚೆಲ್ಲ ಸೀಳು.

ಪರಾತ ಸರಿದಾಡಬಾರದೆಂದು ಅದರ ಕೆಳಗೆ ಹಸಿ ಅರಿವೆ ಹಾಸಿದೆವು. ಬಿಸಿನೀರು ಹಾಕಿದ ಜೋಳದ ಹಿಟ್ಟನ್ನು ಬಲಗೈಯಿಂದ ನಾದುವಾಗ ಎಡಗೈಯನ್ನು ಪರಾತದ ಅಂಚಿಗೆ ಊರಿಟ್ಟು ಅದರ ಮೇಲೆ ಮೈಭಾರ ಬಿಟ್ಟೆ. ಕೈ ಏನೂ ಮಾಡದಿದ್ದರೂ ಭಾರ ಹೊರಬೇಕು, ಭಾರ ಬಿದ್ದರೆ ಬಿಗಿದ ಬೆರಳು ಸಡಿಲವಾಗುತ್ತವೆ ಅಂತ ಹುಡುಗಿ ಹೇಳಿದ್ದಳು. ಬಡಿಯುವುದರಲ್ಲಿ ಎಡಗೈಗೆ ಇಷ್ಟು ಕೆಲಸವಿತ್ತೆಂದು ಈ ವಯಸ್ಸಿನವರೆಗೆ ನನಗೆ ಗೊತ್ತಿರಲಿಲ್ಲ. ಬಲಗೈ ಬಡಿಯುತ್ತಿದ್ದರೆ ಅದು ಅಂಚು ಕಾಯುತ್ತಿತ್ತು, ಸೀಳು ಬಿಟ್ಟಲ್ಲಿ ಒತ್ತುತ್ತಿತ್ತು, ರೊಟ್ಟಿ ತಿರುಗಿಸುತ್ತಿತ್ತು. ಈಗ ಅಡಿಗೆ ಹಿಟ್ಟು ಧಾರಾಳ ಉದುರಿಸಿ, ಅಂಗೈಯನ್ನು ನೇರ ಬಡಿಯದೆ ಚೂರು ಪಕ್ಕಕ್ಕೆ ತಳ್ಳಿದಂತೆ ಬಡಿದರೆ ರೊಟ್ಟಿ ತಾನೇ ತಿರುಗುತ್ತದೆ. ನಮ್ಮ ಅತ್ತೆ ಹೀಗೆ ಒಂದೇ ಕೈಲಿ ಬಡಿಯುತ್ತಿದ್ದರು, ಇನ್ನೊಂದು ಕೈ ಉರಿ ಮುಂದೂಡಲು ಬೇಕಿತ್ತು ಅವರಿಗೆ.

ಹಂಚಿಗೆ ಹಾಕುವಾಗ ಎಡಗೈ ಕಿರುಬೆರಳು ಅಂಚಿಗೆ ತಾಗಿದೆ. ನನಗೆ ಗೊತ್ತಾದದ್ದು ಸುಟ್ಟ ವಾಸನೆಯಿಂದ! ಬಿಸಿ ತಿಳಿಯದ ಕೈಯನ್ನು ಒಲೆಯ ಹತ್ತಿರ ಬಿಡಬಾರದು; ಇನ್ನು ಮೇಲೆ ಹಂಚು ಬಲಕ್ಕೆ, ಪರಾತ ನಡುವೆ, ಎಡಗೈ ಸೆರಗಿನಲ್ಲಿ.

ಒಂದು ಸಮಾಧಾನವೆಂದರೆ ಜೋಳದ ರೊಟ್ಟಿಗೆ ಉಪ್ಪಿಲ್ಲ. ದಿನಕ್ಕೆ ಐದು ಗ್ರಾಮಿನೊಳಗೆ ಉಪ್ಪು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ, ಒಂದು ಸಣ್ಣ ಚಮಚೆ. ನಮ್ಮ ಕಡೆ ಆ ಚಮಚೆಯನ್ನು ಶೇಂಗಾ ಹಿಂಡಿ, ಉಪ್ಪಿನಕಾಯಿ, ಹಪ್ಪಳ ಮೂರೇ ಸೇರಿ ಮುಗಿಸಿಬಿಡುತ್ತವೆ. ಪುಂಡಿಪಲ್ಯಕ್ಕೆ ಹುಳಿ ಇರುವುದರಿಂದ ಉಪ್ಪು ಕಡಿಮೆ ಹಾಕಿದರೂ ನಡೆಯುತ್ತದೆ. ಹಿಂಡಿ ಬಿಡುವುದು ಕಷ್ಟ. ಅದಕ್ಕೆ ನನ್ನ ಧೈರ್ಯ ಹತ್ತರಲ್ಲಿ ಎರಡು.

11 ಡಿಸೆಂಬರ್ 2024, ಬುಧವಾರ

ಸೊಸೆ ಎರಡು ದಿನದಿಂದ ಮಾತು ಕಡಿಮೆ ಮಾಡಿದ್ದಳು. ಇವತ್ತು ಹೊರಬಂತು. ನಳದ ಹತ್ತಿರ ಯಾರೋ ಅಂದರಂತೆ: “ಲಕ್ವಾ ಹೊಡದ ಅತ್ತಿ ಕೈಲಿ ರೊಟ್ಟಿ ಬಡಸ್ತಾಳ ನೋಡ್ರಿ.”

ಇದು ಹುಡುಗಿಯ ಪುಸ್ತಕದಲ್ಲಿ ಇರಲಿಕ್ಕಿಲ್ಲ. ಊರಿನಲ್ಲಿ ಒಳ್ಳೆಯ ಸೊಸೆ ಅಂದರೆ ಅತ್ತೆಯನ್ನು ಕುಳಿತಲ್ಲಿಂದ ಏಳಗೊಡದವಳು. ನಾನು ನನ್ನ ಕೆಲಸ ಮಾಡಿಕೊಂಡಷ್ಟೂ ಅವಳ ಹೆಸರು ಕೆಡುತ್ತದೆ. ನನ್ನ ಗುರಿಗೆ ಹತ್ತರಲ್ಲಿ ಎಷ್ಟು ಅಂತ ನನ್ನನ್ನು ಕೇಳಿದರು, ಅದರ ಬೆಲೆ ಎಷ್ಟು ಅಂತ ಅವಳನ್ನು ಯಾರೂ ಕೇಳಿರಲಿಲ್ಲ. ಸಂಜೆ ಕೋಲು ಊರಿಕೊಂಡು ನಾನೇ ನಳದ ತನಕ ಹೋಗಿ ಬಂದೆ. ಏನೂ ಭಾಷಣ ಮಾಡಲಿಲ್ಲ. “ದವಾಖಾನೆಯವರು ರೊಟ್ಟಿ ಬಡಿಯೋದೇ ಔಷಧ ಅಂತ ಬರದಾರ, ಇಕಿ ಬ್ಯಾಡಂದ್ರೂ ನಾ ಬಿಡಂಗಿಲ್ಲ,” ಅಂದೆ. ಪೂರಾ ಖರೆಯಲ್ಲ. ಡಾಕ್ಟರ ಹೆಸರಿಗೆ ನಳದ ಮಂದಿ ಒಪ್ಪುತ್ತಾರೆ, ನನ್ನ ಇಷ್ಟಕ್ಕೆ ಒಪ್ಪುವುದಿಲ್ಲ.

ಮುಂಜಾನೆ ದವಾಖಾನೆಯಲ್ಲಿ ಬಿಪಿ 150ಕ್ಕೆ 94 ಇತ್ತು. 130ಕ್ಕೆ 80ರ ಆಸುಪಾಸಿಗೆ ಇಳಿಯಬೇಕಂತೆ. ಗುಳಿಗೆ ಬದಲಿಸಿದರು. ಕಟ್ಟೆಯ ಮೇಲೆ ಪಕ್ಕದ ಓಣಿಯ ಆಪಾ ತನ್ನ ಗಂಡನನ್ನು ಕರೆತಂದು ಕುಳಿತಿದ್ದಳು. ಚಾಚಾ ನಮ್ಮನೆಯವರ ಜೊತೆಗೇ ಸಿಸಿಐ ಸಿಮೆಂಟ್ ಫ್ಯಾಕ್ಟರಿಯಲ್ಲಿ ಇದ್ದವರು, 1998ರಲ್ಲಿ ಅದು ನಿಂತ ಮೇಲೆ ಟೇಲರಿಂಗ್ ಮಾಡುತ್ತಿದ್ದರು. ಅವರಿಗೆ ಬಲಗಡೆ ಹೋಗಿದೆ, ಜೊತೆಗೆ ಮಾತೂ ಹೋಗಿದೆ. ಉಳಿದದ್ದು ಒಂದೇ ಶಬ್ದ: ನಕ್ಕೋ, ಅಂದರೆ ಬೇಡ. ಚಹಾ ಬೇಕಾದರೂ ನಕ್ಕೋ, ಬೇಡವಾದರೂ ನಕ್ಕೋ, ಹೆಂಡತಿಯನ್ನು ಕರೆಯುವುದೂ ನಕ್ಕೋ. ಆದರೆ ನಮಾಜಿನ ಮಾತುಗಳು ಒಂದೂ ತಪ್ಪದೆ ಬರುತ್ತವಂತೆ, ಒಂದರಿಂದ ಹತ್ತು ಎಣಿಸುತ್ತಾರಂತೆ. ರೂಢಿಯಿಂದ ಉರುಳಿ ಬರುವ ಮಾತು, ಹುಡುಕಿ ಆಡುವ ಮಾತು ಮೆದುಳಿಗೆ ಒಂದೇ ಅಲ್ಲ ಅಂತ ಕಾಣುತ್ತದೆ. “ಬುದ್ಧಿ ಪೂರಾ ಅದ ಅಕ್ಕಾ, ಮಂದಿ ಹುಚ್ಚ ಅಂತಾರ,” ಅಂದಳು ಆಪಾ. ಯಾವ ನಕ್ಕೋ ಹೌದು, ಯಾವ ನಕ್ಕೋ ಅಲ್ಲ ಅಂತ ಅವಳಿಗೆ ಹುಬ್ಬು ನೋಡಿದರೆ ಸಾಕು.

ಫರಸಿ ಖಣಿಯಲ್ಲಿ ದುಡಿದ ಇನ್ನೊಬ್ಬರೂ ಇದ್ದರು. ಮೂವರಿಗೂ ಆಶಾ ಅಕ್ಕನೇ ಹೇಳಿದ್ದು: ತಿಂಗಳ ಮೊದಲ ರವಿವಾರ ಟೀಚರ್ ಮನೆಯ ಅಂಗಳದಲ್ಲಿ ಕೂಡೋಣ, ಬಿಪಿ ಮಷೀನು ನಾನು ತರುತ್ತೇನೆ. ಬೆಂಗಳೂರಿನ ನಿಮ್ಹಾನ್ಸ್, ನೀತಿ ಆಯೋಗ, ನಮ್ಮ ಸರ್ಕಾರ ಕೂಡಿ 2022ರಲ್ಲಿ ಮೆದುಳಿನ ಆರೋಗ್ಯದ ಕಾರ್ಯಕ್ರಮವೊಂದನ್ನು ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರು ದಕ್ಷಿಣದಲ್ಲಿ ಶುರು ಮಾಡಿದರು ಅಂತ ಹುಡುಗಿ ಹೇಳಿದ್ದಳು. ಮನೆಮನೆಗೆ ಬಿಪಿ, ಶುಗರ್ ನೋಡಲು ಬರುವ ಗೃಹ ಆರೋಗ್ಯ ಯೋಜನೆಯೂ ಈ ಅಕ್ಟೋಬರಿನಲ್ಲಿ ಕೋಲಾರದಿಂದಲೇ ಹೊರಟಿದೆ. ಕೋಲಾರದಿಂದ ಹೊರಟವರು ನಿಧಾನ ಬರಲಿ, ನಮ್ಮ ಅಂಗಳ ಇಲ್ಲೇ ಇರುತ್ತದೆ.

30 ಡಿಸೆಂಬರ್ 2024, ಸೋಮವಾರ, ಎಳ್ಳ ಅಮಾವಾಸ್ಯೆ

ಹೊಲಕ್ಕೆ ಹೋಗಿ ಬಂದೆ. ರಸ್ತೆ ಇರುವ ತನಕ ಆಟೋ, ಆಮೇಲೆ ಬದುವಿನ ಮೇಲೆ ನಡಿಗೆ. ನಮ್ಮನೆಯವರು ನನ್ನ ಎಡಕ್ಕೆ, ಒಂದು ಹೆಜ್ಜೆ ಹಿಂದೆ. ಕೈ ಹಿಡಿಯಬಾರದು, ಬಿದ್ದರೆ ಮಾತ್ರ ಹಿಡಿಯಬೇಕು ಅಂತ ಕರಾರು. ಕರಾರು ಪಾಲಿಸಲು ಅವರು ಪಟ್ಟ ಕಷ್ಟ ನಡೆಯಲು ನಾನು ಪಟ್ಟದ್ದಕ್ಕಿಂತ ಜಾಸ್ತಿ. ಕೈ ಮುಂದೆ ಬರುತ್ತಿತ್ತು, ಹಿಂದೆ ಹೋಗುತ್ತಿತ್ತು. ಎರೆಭೂಮಿಯ ಬಿರುಕಿನಲ್ಲಿ ಕೋಲು ಒಂದು ಸಲ ಮೊಳದುದ್ದ ಇಳಿದುಬಿಟ್ಟಿತು, ಆಗ ಮಾತ್ರ ಸೊಂಟಕ್ಕೆ ಕೈ ಕೊಟ್ಟರು. ಕೋಲಿನ ತುದಿಗೆ ಅಗಲವಾದ ರಬ್ಬರ್ ಹಾಕಿಸಬೇಕು.

ತೊಗರಿ ಕಾಯಿ ಒಣಗಿ ಗಿಲಿಗಿಲಿ ಅನ್ನುತ್ತಿತ್ತು. ಪಾಂಡವರ ಪೂಜೆ, ಚರಗ ಚೆಲ್ಲುವುದು ಎಲ್ಲ ಗಂಡಸರು ಮಾಡಿದರು. ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ. ಬುತ್ತಿಯಲ್ಲಿ ನನ್ನ ಅಂಚು ಸೀಳಿದ ರೊಟ್ಟಿಗಳೂ ಇದ್ದವು, ಮೊಮ್ಮಗಳು ಹುಡುಕಿ ಹುಡುಕಿ ಅವನ್ನೇ ತಿಂದಳು. ಚಕ್ಕಳಮಕ್ಕಳ ಹಾಕಲು ಆಗುವುದಿಲ್ಲವೆಂದು ನನಗೆ ತಿರುವಿಹಾಕಿದ ಬುಟ್ಟಿ.

ಪಕ್ಕದವರ ಕಡಲೆ ಹೊಲದಲ್ಲಿ ಸೊಪ್ಪಿನ ಮೇಲೆ ಹುಳಿ ಕೂತಿತ್ತು. ಎಡಗೈಯನ್ನು ಬಲಗೈಯಿಂದ ಎತ್ತಿ ಗಿಡದ ಮೇಲೆ ಆಡಿಸಿದೆ. ಬೆರಳು ಒದ್ದೆಯಾದದ್ದು ಕಣ್ಣಿಗೆ ಕಂಡಿತು, ಬೆರಳಿಗೆ ತಿಳಿಯಲಿಲ್ಲ. ಬಾಯಿಗಿಟ್ಟು ನೋಡಿದೆ, ಹುಳಿ ಹುಳಿ. ಕೈ ಕೆಲಸಕ್ಕೆ ಬರಲು ತಡವಾಗಬಹುದು, ಸ್ಪರ್ಶ ಬರದೆಯೂ ಇರಬಹುದು ಅಂತ ಹುಡುಗಿ ಮೊದಲೇ ಹೇಳಿದ್ದಾಳೆ.

9 ಜನವರಿ 2025, ಗುರುವಾರ

ಏನೂ ಮಾಡಲಿಲ್ಲ. ಮುಂಜಾನೆ ಎದ್ದಾಗಲೇ ಮೈ ಸಿಮೆಂಟಿನ ಚೀಲ ಹೊತ್ತಂತಿತ್ತು. ಟಿವಿಯಲ್ಲಿ ಯಾವುದೋ ಜಾಹೀರಾತಿಗೆ ಅಳು ಬಂತು, ನಿಲ್ಲಲಿಲ್ಲ. ದುಃಖವೇ ಇಲ್ಲದೆ ಬರುವ ಈ ಅಳು ಮೆದುಳಿನ ಪೆಟ್ಟಿನದೇ, ಮನಸ್ಸಿಗೆ ಹಚ್ಚಿಕೊಳ್ಳಬೇಡ ಅಂದಿದ್ದಾರೆ. ಆದರೆ ಆಮೇಲೆ ಮಧ್ಯಾಹ್ನ ಬಂದದ್ದು ದುಃಖದ ಅಳುವೇ. ಲಕ್ವಾ ಆದ ಮೂವರಲ್ಲಿ ಒಬ್ಬರಿಗಾದರೂ ಖಿನ್ನತೆ ಬರುತ್ತದಂತೆ. ನಮ್ಮ ಅಂಗಳದ ಮೂವರಲ್ಲಿ ಆ ಒಬ್ಬಳು ನಾನೇ ಇರಬಹುದು. ಅದಕ್ಕೂ ಗುಳಿಗೆಯಿದೆ, ಕೇಳಬೇಕು. ನಾಚಿಕೆ ಏನು?

ರಾತ್ರಿ ಎಡಗಾಲಿನ ಹೆಬ್ಬೆರಳು ಜೋಮು ಹಿಡಿದರೆ ಎದೆ ಧಸಕ್ಕೆನ್ನುತ್ತದೆ, ಎರಡನೆಯದು ಬಂತೇನೋ ಅಂತ. ಎದ್ದು ಕನ್ನಡಿಯ ಮುಂದೆ ನಿಂತು ಹಲ್ಲು ಕಿರಿದು ನೋಡಿಕೊಳ್ಳುತ್ತೇನೆ, ಬಾಯಿ ಹೊಸದಾಗಿ ಸೊಟ್ಟಗಾಗಿದೆಯೋ ಅಂತ. ನಮ್ಮನೆಯವರು ಕತ್ತಲಲ್ಲೇ ಕೇಳುತ್ತಾರೆ, “ಆರಾಮದಿ ಹೌದಿಲ್ಲೋ?” ಅವರೂ ನಿದ್ದೆ ಮಾಡಿರುವುದಿಲ್ಲ.

ತೊಗರಿ ರಾಶಿ ಶುರುವಾಗಿದೆ. ಈ ಸಲ ಸರ್ಕಾರದ ಬೆಂಬಲ ಬೆಲೆ ಕ್ವಿಂಟಾಲಿಗೆ 7,550.

2 ಫೆಬ್ರವರಿ 2025, ರವಿವಾರ

ಅಂಗಳದಲ್ಲಿ ಎರಡನೇ ಸಲ ಕೂಡಿದೆವು. ಹೋದ ತಿಂಗಳು ಬರೀ ಗೋಳು ಹೇಳಿಕೊಂಡು ಎದ್ದಿದ್ದೆವು. ಈ ಸಲ ಹತ್ತರ ಲೆಕ್ಕ ಶುರು ಮಾಡಿದೆ. ಖಣಿಯವರು ತಿಂಗಳಿಂದ ಗುಳಿಗೆ ಬಿಟ್ಟಿದ್ದಾರೆ. “ಆರಾಮ ಆಗೀನಲ್ಲ ಟೀಚರ್, ಇನ್ಯಾಕ?” ರಕ್ತ ತೆಳುವಾಗಿಡುವ ಗುಳಿಗೆ, ಕೊಬ್ಬಿನ ಗುಳಿಗೆ ಆರಾಮ ಇರುವವರಿಗೇ, ಆರಾಮ ಇರಲಿಕ್ಕೇ ಅಂತ ಆಶಾ ಅಕ್ಕ ವಿವರಿಸಿದಳು. ಅವರು ಗೋಣು ಹಾಕಿದರು. ಗೋಣು ಹಾಕಿದ್ದನ್ನು ನಾನು ನಂಬುವುದಿಲ್ಲ. “ಮುಂದಿನ ತಿಂಗಳ ತನಕ ದಿನಾ ತಗೋತೀನಿ ಅನ್ನೋದಕ್ಕ ಹತ್ತರಾಗ ಎಷ್ಟು?” ಅಂದೆ. ಬಹಳ ಹೊತ್ತು ಬಿಟ್ಟು ಐದು ಅಂದರು. ಯಾಕೆ ಐದು? ರಾತ್ರಿಯದು ಮರೆಯುತ್ತದೆ, ಮತ್ತೆ ಕುಡಿದ ದಿನ ತೆಗೆದುಕೊಳ್ಳಬಾರದು ಅಂತ ಯಾರೋ ಹೇಳಿದ್ದಾರೆ. ಇಷ್ಟು ದಿನ ಯಾರಿಗೂ ಹೇಳದ ಮಾತು ಹತ್ತರ ಲೆಕ್ಕಕ್ಕೆ ಹೊರಬಿತ್ತು. ಗುಳಿಗೆಯ ಡಬ್ಬಿಯನ್ನು ಬೀಡಿಯ ಕಟ್ಟಿನ ಜೊತೆ ಇಡುವುದೆಂದು ಅವರೇ ಉಪಾಯ ಮಾಡಿದರು. ಬೀಡಿಯ ಮಾತು ಮುಂದಿನ ತಿಂಗಳಿಗೆ.

ಹುಡುಗಿ ಫೋನಿನಲ್ಲಿ ಹೇಳಿದ ಇನ್ನೊಂದು ಪರೀಕ್ಷೆಯ ಕಥೆ ಇಲ್ಲಿ ನೆನಪಾಯ್ತು. ಸ್ಪ್ರಿಂಟ್ ಇಂಡಿಯಾ ಅಂತ, 31 ಕೇಂದ್ರಗಳು, 4,298 ಮಂದಿ. 12 ಭಾಷೆಗಳಲ್ಲಿ ಮೊಬೈಲಿಗೆ ಮೆಸೇಜು, ವಿಡಿಯೊ, ಕೈಗೊಂದು ಪುಸ್ತಕ. ವರ್ಷದೊಳಗೆ ಎರಡನೇ ಲಕ್ವಾ ಕಡಿಮೆಯಾಗಲಿಲ್ಲ. ಆದರೆ ಗುಳಿಗೆ ತಪ್ಪದೆ ತೆಗೆದುಕೊಳ್ಳುವವರು ಹೆಚ್ಚಿದರು, ತಂಬಾಕು, ಕುಡಿತ ಕಡಿಮೆಯಾಯ್ತು. ಖಣಿಯವರ ಮಟ್ಟಿಗೆ ನನಗೆ ಅಷ್ಟಾದರೂ ಸಾಕು.

ಚಾಚಾಗೆ ಚಿತ್ರದ ಹಾಳೆ ಮಾಡಿಕೊಟ್ಟೆ. ಅಂಗನವಾಡಿಯ ಚಾರ್ಟ್ ಕತ್ತರಿಸಿ ನೀರು, ಚಹಾ, ಬಚ್ಚಲು, ನೋವು, ಮಸೀದಿ, ಮೊಬೈಲು. ಅವರು ಎಡಗೈ ಬೆರಳಿಟ್ಟು ತೋರಿಸಿದ ಮೊದಲ ಚಿತ್ರ ಕತ್ತರಿಯದು, ನಾನು ಬೇರೆ ಚಿತ್ರ ಹಚ್ಚುವಾಗ ಅಂಚಿನಲ್ಲಿ ಉಳಿದುಬಿಟ್ಟಿದ್ದ ಚೂರು. ಆಪಾ ಕೂಡಲೇ ಅರ್ಥ ಮಾಡಿಕೊಂಡಳು: ಹೊಲಿಗೆ ಮಷೀನಿನ ಹತ್ತಿರ ಕೂಡಬೇಕಂತೆ. “ಎಡಗೈಲಿ ಬಟ್ಟಿ ಕತ್ತರಸ್ತಾರಂತ!” ಹತ್ತರಾಗ ಎಷ್ಟು ಅಂತ ಕೇಳಿದ್ದಕ್ಕೆ ಒಂದರಿಂದ ಎಣಿಸುತ್ತ ಹೋಗಿ ಏಳಕ್ಕೆ ನಿಲ್ಲಿಸಿದರು. ನಿಲ್ಲಿಸಿದ್ದು ಬೇಕೆಂದೋ, ಉಸಿರು ಮುಗಿಯಿತೋ, ಆಪಾಳಿಗೂ ತಿಳಿಯಲಿಲ್ಲ. ಬಲಗೈಯವರ ಕತ್ತರಿ ಎಡಗೈಗೆ ಸರಿಯಾಗಿ ಕತ್ತರಿಸುವುದಿಲ್ಲ, ಎಡಚರ ಕತ್ತರಿ ಸೇಡಮ್ಮಿನಲ್ಲಿ ಸಿಗುತ್ತದೋ ನೋಡಬೇಕು.

ಸೇಡಮ್ಮಿಗೆ ನಾನೇ ಬಸ್ಸಿನಲ್ಲಿ ಹೋಗಿ ತರುತ್ತೇನೆ ಅಂದೆ. ಅದಕ್ಕೆ ಮನೆಯಲ್ಲಿ ಜಗಳ ನಡೆದಿದೆ. ಹೆಂಗಸರಿಗೆ ಟಿಕೆಟ್ಟಿನ ರೊಕ್ಕವಿಲ್ಲ, ಮೆಟ್ಟಿಲು ಮಾತ್ರ ಮೊಳಕಾಲೆತ್ತರ. ಏರುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಸೋತ ಕಾಲು ಮೊದಲು. ದಿನಾ ಅಂಗಳದ ಕಟ್ಟೆಯ ಮೇಲೆ ಹತ್ತಿ ಇಳಿದು ರೂಢಿ ಮಾಡಿದ್ದೇನೆ. ಕಂಡಕ್ಟರು ಸೀಟಿ ಊದುವ ಮೊದಲು ಎರಡೂ ಕಾಲು ಒಳಗೆ ಬರುತ್ತವೋ ಇಲ್ಲವೋ ಅನ್ನುವುದೊಂದೇ. ನಮ್ಮನೆಯವರು ತಾವೂ ಬರುತ್ತಾರಂತೆ, ಬೇರೆ ಸೀಟಿನಲ್ಲಿ ಕೂಡುತ್ತಾರಂತೆ, ಪರಿಚಯ ಇಲ್ಲದವರಂತೆ. ಸೊಸೆ ನಕ್ಕು ಸಾಕಾದಳು. ಗುರುವಾರ ಸಂತೆಯ ಗದ್ದಲವಿಲ್ಲದಿದ್ದರೆ ಅವತ್ತೇ ಹೋಗುವುದು.

ತರಬೇಕಾದದ್ದು: ಎಡಗೈ ಕತ್ತರಿ, ಕೋಲಿಗೆ ಅಗಲ ರಬ್ಬರ್, ಬಿಪಿ ಮಷೀನಿಗೆ ಸೆಲ್ ನಾಲ್ಕು. ಸೆಲ್ ಇಳಿದಿದೆಯೇನೋ ಅಂತ ಆಶಾ ಅಕ್ಕನಿಗೆ ಸಂಶಯ, ಇವತ್ತು ನನಗೇ ಒಮ್ಮೆ 138 ತೋರಿಸಿತು, ಹಿಂದೆಯೇ 152.